ಒಂಟಿ ಗೋಪುರದ ‘ಸೆ’

ಹಳೆ ಗೋವಾಕ್ಕೆ ಹೋದವರು ಬೊಮ್ ಜೀಸಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರವಿರುವ ಪೆಟ್ಟಿಗೆ ನೋಡಿ ಬಸ್ಸು ಹತ್ತುವುದೇ ಹೆಚ್ಚು. ರಸ್ತೆಯಾಚೆಯ ಬಿಳಿಯ ಸೆ ಕೆಥೆಡ್ರಲ್‌ಗೂ ಅರ್ಧ ಗಂಟೆ ಕೊಡಿ. ಪೋರ್ಚುಗೀಸ್ ಭಾಷೆಯಲ್ಲಿ ‘ಸೆ’ ಎಂದರೆ ಪೀಠ. ಇದು ಆರ್ಚ್‌ಬಿಷಪರ ಪೀಠವಿರುವ ಇಗರ್ಜಿ.

1510ರ ನವೆಂಬರ್ 25ರಂದು ಅಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾ ನಗರವನ್ನು ಗೆದ್ದ. ಅಂದು ಸಂತ ಕ್ಯಾಥರೀನಳ ಹಬ್ಬ. ಹಾಗಾಗಿ ಇಗರ್ಜಿ ಆಕೆಗೇ ಮುಡಿಪು. 1562ರಲ್ಲಿ ಆರಂಭವಾದ ಈ ಕಟ್ಟಡ ಮುಗಿದದ್ದು 1619ರಲ್ಲಿ. ಉದ್ದ ಸುಮಾರು 76 ಮೀಟರ್, ಅಗಲ 55 ಮೀಟರ್. ‘ಪೂರ್ವದ ಲಿಸ್ಬನ್’ ಎಂದು ಬೀಗುತ್ತಿದ್ದ ರಾಜಧಾನಿಗೆ ತಕ್ಕ ಅಳತೆ!

ಆದರೆ ಸಾಂಕ್ರಾಮಿಕ ಜ್ವರಗಳು ಆ ನಗರವನ್ನೇ ಬರಿದು ಮಾಡಿದವು. 1759ರಲ್ಲಿ ವೈಸರಾಯ್ ತನ್ನ ಬಿಡಾರವನ್ನು ಪಣಜಿಗೆ ಸಾಗಿಸಿದ. 1776ರಲ್ಲಿ ಕೆಥೆಡ್ರಲಿನ ಎರಡು ಗೋಪುರಗಳಲ್ಲಿ ಒಂದು ಕುಸಿಯಿತು. ಅದನ್ನು ಮತ್ತೆ ಯಾರೂ ಕಟ್ಟಲಿಲ್ಲ.

ಉಳಿದ ಗೋಪುರದಲ್ಲಿ ‘ಚಿನ್ನದ ಗಂಟೆ’ ಇದೆ. ಚಿನ್ನವೇನಿದ್ದರೂ ಅದರ ನಾದದಲ್ಲಿ. 1560ರಲ್ಲಿ ಆರಂಭವಾಗಿ, ನಡುವೆ ಕೆಲವು ವರ್ಷ ನಿಂತು, 1812ರಲ್ಲಿ ಕೊನೆಗೊಂಡ ‘ಇನ್‌ಕ್ವಿಜಿಷನ್’ ಎಂಬ ಧರ್ಮ ವಿಚಾರಣೆಯ ಕಾಲದಲ್ಲಿ, ಶಿಕ್ಷೆ ಸಾರುವ ದಿನವೂ ಇದೇ ಗಂಟೆ ಮೊಳಗುತ್ತಿತ್ತಂತೆ. ಆ ಕಾಲದ ಭಯಕ್ಕೆ ಹಿಂದೂಗಳೂ ಕ್ರೈಸ್ತರೂ ಊರು ಬಿಟ್ಟು ಕನ್ನಡ ಕರಾವಳಿಗೆ ಬಂದರು. ನಮ್ಮ ಎಷ್ಟೋ ಕೊಂಕಣಿ ಮನೆತನಗಳ ವಲಸೆಯ ಕಥೆ ಅಲ್ಲಿಂದಲೇ ಆರಂಭ.

1986ರಲ್ಲಿ ಹಳೆ ಗೋವಾದ ಇಗರ್ಜಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಗರ್ಜಿಯ ಅಂದ ಮೆಚ್ಚಿ ಹೊರಬಂದಾಗ, ಗೋಪುರವಿಲ್ಲದ ಬದಿಯನ್ನೂ ಒಮ್ಮೆ ತಲೆಯೆತ್ತಿ ನೋಡಿ.