ಅಪ್ರಾಪ್ತರ ವಾಹನ ಚಾಲನೆ ತಡೆ ಹಾಗೂ ಸಂಜೆ ಬಸ್ ಸೌಲಭ್ಯಕ್ಕಾಗಿ ಪೋಷಕರ ಮನವಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ.

ಇಂದ,
ತಾಲ್ಲೂಕಿನ ಪದವಿಪೂರ್ವ ಕಾಲೇಜುಗಳ ವಿದ್ಯಾರ್ಥಿಗಳ ಪೋಷಕರು.

ಮಾನ್ಯರೇ,

ಪಿಯುಸಿ ಓದುವವರಲ್ಲಿ ಬಹುಪಾಲು ಮಕ್ಕಳಿಗೆ ಹದಿನೆಂಟು ತುಂಬಿರುವುದಿಲ್ಲ. ಆದರೂ ಬೆಳಿಗ್ಗೆ ಕಾಲೇಜು ಗೇಟಿನ ಮುಂದೆ ಬೈಕ್‌ಗಳ ಸಾಲು. ಒಂದೊಂದರ ಮೇಲೆ ಮೂವರು, ಹೆಲ್ಮೆಟ್ ಟ್ಯಾಂಕಿನ ಮೇಲೆ ಇಲ್ಲವೇ ಮನೆಯಲ್ಲಿ. ಕೀ ಕೊಟ್ಟು ಕಳಿಸಿದವರು ಪೋಷಕರೇ. ಅದನ್ನು ಅಲ್ಲಗಳೆಯಲು ಈ ಮನವಿ ಬರೆದಿಲ್ಲ. ಕೀ ಕೊಡಲೇಬೇಕಾದ ಸ್ಥಿತಿಗೆ ಮನೆಯ ಹೊರಗಿನ ಕಾರಣಗಳೂ ಇವೆ, ಅವನ್ನು ಸರಿಪಡಿಸುವುದು ತಮ್ಮ ಸಮಿತಿಯಿಂದ ಸಾಧ್ಯ ಎಂದು ತಿಳಿಸಲು ಬರೆದಿದ್ದೇವೆ.

ಕಾನೂನಿನಲ್ಲಿ ಗೊಂದಲವಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನಂತೆ, ಅಪ್ರಾಪ್ತರು ವಾಹನ ಓಡಿಸಿ ಸಿಕ್ಕಿಬಿದ್ದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು: ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಒಂದು ವರ್ಷ ವಾಹನದ ನೋಂದಣಿ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗದು. ಪಿಯುಸಿ ಮುಗಿಸಿ ಗೂಡ್ಸ್ ಆಟೊ ಓಡಿಸಿಯಾದರೂ ಸಂಸಾರ ತೂಗಿಸಬೇಕಾದ ಮನೆಗಳಲ್ಲಿ ಈ ಕೊನೆಯ ಶಿಕ್ಷೆ ದಂಡಕ್ಕಿಂತ ಭಾರ. ಅಪಘಾತವಾದರೆ, ಗಾಯಾಳುವಿಗೆ ಕೊಟ್ಟ ಪರಿಹಾರದ ಹಣವನ್ನು ವಿಮಾ ಕಂಪನಿ ಮಾಲೀಕರಿಂದಲೇ ವಸೂಲು ಮಾಡಬಹುದು. ಎಷ್ಟೋ ತಂದೆತಾಯಿಗೆ ಇದೆಲ್ಲ ತಿಳಿಯುವುದು ಕೋರ್ಟಿನ ಸಮನ್ಸ್ ಕೈಗೆ ಬಂದ ದಿನ.

ನಮ್ಮ ಮುಖ್ಯ ಬೇಡಿಕೆ ಬಸ್ಸಿನದು. ವಿಶೇಷ ತರಗತಿ, ಪ್ರಾಯೋಗಿಕ ತರಗತಿ ಮುಗಿಯುವ ಹೊತ್ತಿಗೆ ಹಳ್ಳಿ ಕಡೆಯ ಬಸ್ ಹೊರಟುಹೋಗಿರುತ್ತದೆ. ಮುಂದಿನದು ಬರುವಾಗಲೇ ತುಂಬಿ ಬರುವುದರಿಂದ ಕೋರಿಕೆ ನಿಲುಗಡೆಗಳಲ್ಲಿ ನಿಲ್ಲುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದದ್ದು ನಮ್ಮ ಹೆಣ್ಣುಮಕ್ಕಳಿಗೆ ದೊಡ್ಡ ಉಪಕಾರ. ಆದರೆ ಪ್ರಯಾಣಿಕರು ಹೆಚ್ಚಿದ ಪ್ರಮಾಣದಲ್ಲಿ ನಮ್ಮ ಮಾರ್ಗಗಳಿಗೆ ಬಸ್ ಬಂದಿಲ್ಲ. ಪಾಸ್ ಜೇಬಿನಲ್ಲಿಟ್ಟುಕೊಂಡು ಕತ್ತಲಾಗುವವರೆಗೆ ರಸ್ತೆ ಬದಿ ನಿಂತ ಮಗನನ್ನು ನೋಡಿದ ತಂದೆ ಮರುದಿನ ಬೈಕ್ ಕೀ ಕೊಡುತ್ತಾನೆ. ಹಾಗೆ ಬೈಕ್ ಏರಿದ ಹುಡುಗನಿಗೆ ಎದುರಾಗುವುದು ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್, ಸುಗ್ಗಿಯಲ್ಲಿ ರಸ್ತೆಗೇ ಹರಡಿದ ಹುರುಳಿ ಒಕ್ಕಣೆ. (ಒಕ್ಕಣೆ ಮಾಡುವವರೂ ನಾವೇ. ಕಣ ಕಟ್ಟಿಸಿಕೊಟ್ಟರೆ ರಸ್ತೆ ಬಿಡುತ್ತೇವೆ.) ಆದ್ದರಿಂದ ಪ್ರತಿ ವರ್ಷ ತರಗತಿಗಳ ವೇಳಾಪಟ್ಟಿ ಸಿದ್ಧವಾಗುವಾಗಲೇ ಪ್ರಾಂಶುಪಾಲರು ಮತ್ತು ಡಿಪೊ ವ್ಯವಸ್ಥಾಪಕರನ್ನು ಒಟ್ಟಿಗೆ ಕೂರಿಸಿ, ಕೊನೆಯ ತರಗತಿ ಬಿಟ್ಟ ಅರ್ಧ ಗಂಟೆಯೊಳಗೆ ಪ್ರತಿ ಹೋಬಳಿ ಮಾರ್ಗಕ್ಕೂ ಒಂದು ಬಸ್ ಹೊರಡುವಂತೆ ಮಾಡಬೇಕು.

ಎರಡನೆಯದಾಗಿ, ದಾಖಲಾತಿಯ ದಿನವೇ 199ಎ ಕಲಮಿನ ವಿವರವನ್ನು ಸರಳ ಕನ್ನಡದಲ್ಲಿ ಪೋಷಕರಿಗೆ ಓದಿ ಹೇಳಿ ಸಹಿ ಪಡೆಯಬೇಕು. ಓದಿ ಹೇಳಬೇಕು ಎಂದು ಒತ್ತಿ ಬರೆದಿದ್ದೇವೆ. ಅರ್ಜಿಯ ಹಿಂಬದಿ ಸಣ್ಣಕ್ಷರದಲ್ಲಿ ಅಚ್ಚಾದದ್ದನ್ನು ಯಾರೂ ಓದುವುದಿಲ್ಲ.

ಕಾಲೇಜು ಆವರಣದಲ್ಲಿ ಬೈಕ್ ನಿಷೇಧಿಸಿದರೆ ಸಾಲದು. ನಿಷೇಧವಿದ್ದ ಕಡೆ ಮಕ್ಕಳು ಪಕ್ಕದ ಗಲ್ಲಿಯ ಟೀ ಅಂಗಡಿ ಮುಂದೆ ನಿಲ್ಲಿಸಿ ನಡೆದುಬರುತ್ತಾರೆ. ಗಲ್ಲಿಯ ಹೊಣೆ ಬೀಟ್ ಪೊಲೀಸರದಾಗಬೇಕು.

ಎಲೆಕ್ಟ್ರಿಕ್ ಸ್ಕೂಟರ್ ಅಂಗಡಿಗಳ ತಪಾಸಣೆಯೂ ಆಗಬೇಕು. ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟ್‌ವರೆಗಿನ ವಾಹನಕ್ಕಷ್ಟೇ ಲೈಸೆನ್ಸ್, ನೋಂದಣಿಯ ವಿನಾಯಿತಿ ಇದೆ. ಅದೇ ಹೆಸರಿನಲ್ಲಿ ವೇಗ ಹೆಚ್ಚಿಸಿದ ಗಾಡಿಗಳನ್ನು ಮಾರಿದರೆ ಮೋಸ ಹೋಗುವವರು ನಂಬಿದ ಪೋಷಕರು.

ಕೊನೆಯದಾಗಿ, ಕಾನೂನನ್ನು ಎಲ್ಲರಿಗೂ ಒಂದೇ ತೆರನಾಗಿ ಅನ್ವಯಿಸಿ. ಠಾಣೆಗೆ ಫೋನ್ ಮಾಡಿಸಬಲ್ಲವರ ಮಗ ಬುದ್ಧಿವಾದ ಕೇಳಿ ಮನೆಗೆ ಹೋಗಿ, ಕೂಲಿಯವರ ಮಗನ ಮೇಲೆ ಮಾತ್ರ ಕೇಸಾದರೆ ಅದರಿಂದ ಯಾವ ಪೋಷಕರೂ ಪಾಠ ಕಲಿಯುವುದಿಲ್ಲ. ಈ ಕಲಮಿನಡಿ ದಾಖಲಾದ ಪ್ರಕರಣಗಳ ಸಂಖ್ಯೆಯನ್ನು ಠಾಣಾವಾರು ಪ್ರತಿ ತಿಂಗಳು ಪ್ರಕಟಿಸಬೇಕು.

ಸಂಜೆ ಬಸ್ ಖಚಿತವಾದ ಮಾರ್ಗಗಳಲ್ಲಿ ನಮ್ಮ ಮಕ್ಕಳ ಕೈಗೆ ಕೀ ಕೊಡುವುದಿಲ್ಲವೆಂದು ಸಹಿ ಮಾಡಿದ ಪೋಷಕರ ಮುಚ್ಚಳಿಕೆಯನ್ನು ಇದರೊಂದಿಗೆ ಲಗತ್ತಿಸಿದೆ. ಮುಂದಿನ ದಾಖಲಾತಿ ಶುರುವಾಗುವ ಮುನ್ನ ಸಮಿತಿಯ ಸಭೆ ಕರೆದು, ಪೋಷಕರ ಪ್ರತಿನಿಧಿಗಳಿಗೂ ಅದರಲ್ಲಿ ಮಾತನಾಡಲು ಅವಕಾಶ ಕೊಡಬೇಕೆಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಹಿ ಮಾಡಿದ ಪೋಷಕರು