ಪೆಟ್ಟಿಗೆಯ ಮೇಲೆ ಮುದ್ರಿಸದ ದಿನಾಂಕ

ಇಪ್ಪತ್ತು ಸಾವಿರ ರೂಪಾಯಿಯ ಸ್ಮಾರ್ಟ್‌ಫೋನು ಎಷ್ಟು ವರ್ಷ ಬಾಳಬೇಕು? ನನ್ನ ವೃತ್ತಿಯಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರಗಳಿವೆ. 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯು ಕಚೇರಿ ಸಲಕರಣೆಗಳಿಗೆ 5 ವರ್ಷಗಳ ಆಯುಷ್ಯವನ್ನು ಹೇಳುತ್ತದೆ. ಫೋನನ್ನು ನಾವು ಸಾಮಾನ್ಯವಾಗಿ ಆ ಗುಂಪಿಗೇ ಸೇರಿಸುತ್ತೇವೆ. ಆದಾಯ ತೆರಿಗೆಯವರು ಇನ್ನೂ ಆಶಾವಾದಿಗಳು. ಅವರು ಒಪ್ಪುವ ಸವಕಳಿ ವರ್ಷಕ್ಕೆ ಶೇ. 15 ಮಾತ್ರ. ಆ ಲೆಕ್ಕದಲ್ಲಿ 20,000 ರೂಪಾಯಿಯ ಫೋನಿಗೆ 4 ವರ್ಷಗಳ ತರುವಾಯವೂ 10,440 ರೂಪಾಯಿ ಬೆಲೆ ಉಳಿದಿರುತ್ತದೆ. ಕುರ್ಲಾ ಸ್ಟೇಷನ್ನಿನ ಪಶ್ಚಿಮದ ಓಣಿಗಳಲ್ಲಿ ಹಳೆಯ ಫೋನು ಕೊಳ್ಳುವವರ ಮುಂದೆ ಈ ಅಂಕಿಯನ್ನು ಹೇಳಿದರೆ ನಗುತ್ತಾರೆ.

ಅದೇ ಓಣಿಗಳಲ್ಲಿ ರಿಪೇರಿಯವರೂ ಇದ್ದಾರೆ. ಐದನೆಯ ವರ್ಷದಲ್ಲಿರುವ ನನ್ನ ಮಧ್ಯಮ ದರ್ಜೆಯ ಫೋನಿಗೆ ಒಮ್ಮೆ ಬ್ಯಾಟರಿ, ಒಮ್ಮೆ ಚಾರ್ಜಿಂಗ್ ಪಿನ್ ಬದಲಾಯಿಸಿಕೊಟ್ಟವರು ಅವರೇ. ಮುಂಬಯಿಯ ಮಳೆಗಾಲವನ್ನೂ ಹಾರ್ಬರ್ ಲೈನಿನ ನೂಕುನುಗ್ಗಲನ್ನೂ ಅದು ತಾಳಿಕೊಂಡಿದೆ. ತಾಳದೆ ಹೋದವರು ತಯಾರಕರು. ಮೂರು ವರ್ಷ ತುಂಬಿದ ಮೇಲೆ ಸುರಕ್ಷತಾ ಅಪ್‌ಡೇಟ್‌ಗಳು ನಿಂತವು. ಯಂತ್ರ ಗಟ್ಟಿಯಾಗಿಯೇ ಇದೆ; ಅದರ ಬಾಗಿಲಿಗೆ ಬೀಗವಿಲ್ಲ, ಅಷ್ಟೇ.

ಈ ಬೀಗವಿಲ್ಲದ ಫೋನು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಓದುಗ ಬಂಧುಗಳು ಯೋಚಿಸಬೇಕು. ಪರಊರುಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಹೊಸದು ಬಂದೊಡನೆ ಹಳೆಯದು ಊರಿನ ಅಮ್ಮನಿಗೋ ಅಪ್ಪನಿಗೋ ಸಲ್ಲುವುದು ವಾಡಿಕೆ. ಅಪವ್ಯಯವಾಗಬಾರದೆಂಬ ಒಳ್ಳೆಯ ಬುದ್ಧಿಯಿಂದಲೇ ಹಾಗೆ ಮಾಡುತ್ತೇವೆ. (ಅಪರಿಗ್ರಹದ ಉಪದೇಶಕ್ಕೆ ಬೇರೆ ಅಂಕಣಕಾರರಿದ್ದಾರೆ, ನನ್ನದು ಲೆಕ್ಕ ಮಾತ್ರ.) ಆದರೆ ಪಿಂಚಣಿಯ ಸಂದೇಶ, ಬ್ಯಾಂಕಿನ ಒಟಿಪಿ, ಯುಪಿಐ ಎಲ್ಲವೂ ಆ ಫೋನಿಗೇ ಬರುತ್ತವೆ. ವಂಚಕರ ಕರೆಗೆ ಸುಲಭವಾಗಿ ಸಿಕ್ಕಿಬೀಳುವ ವಯಸ್ಸಿನವರ ಕೈಗೆ ನಾವು ಕಾವಲಿಲ್ಲದ ಸಾಧನವನ್ನು ಕೊಟ್ಟಿರುತ್ತೇವೆ.

ಕಡಿಮೆ ಬೆಲೆಯ ಫೋನಿಗೆ ದೀರ್ಘಕಾಲ ಅಪ್‌ಡೇಟ್ ಕೊಡುವುದು ಅಸಾಧ್ಯವೆಂಬ ವಾದವನ್ನು ಮಾರುಕಟ್ಟೆಯೇ ಸುಳ್ಳಾಗಿಸಿದೆ. 2024ರಲ್ಲಿ 20,000 ರೂಪಾಯಿಯೊಳಗೆ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿ ಫೋನಿಗೆ 6 ವರ್ಷಗಳ ಭರವಸೆಯಿದೆ. ಒಬ್ಬರಿಗೆ ಸಾಧ್ಯವಾದದ್ದನ್ನು ಉಳಿದವರಿಗೆ ಕಡ್ಡಾಯಗೊಳಿಸಲು ಸರಕಾರ ಹಿಂಜರಿಯುವುದೇಕೆ? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಕುರಿತು ಸಮಿತಿ ರಚಿಸಿತು, ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಪೋರ್ಟಲ್ ಮಾಹಿತಿ ಕೊಡಬಲ್ಲದು, ಹಕ್ಕನ್ನಲ್ಲ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ನಿಯಮವೇ ಜಾರಿಯಲ್ಲಿದೆ: ಒಂದು ಮಾದರಿಯ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಬೇಕು, 7 ವರ್ಷ ಬಿಡಿಭಾಗ ಒದಗಿಸಬೇಕು.

ನಮ್ಮಲ್ಲಿ ಅದಕ್ಕೆ ಹೊಸ ಕಾಯ್ದೆಯನ್ನೂ ಕಾಯಬೇಕಿಲ್ಲ. ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು ಮುದ್ರಿಸಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಹೇಳುತ್ತವೆ. ಅಪ್‌ಡೇಟ್ ಮುಗಿಯುವ ತಿಂಗಳನ್ನೂ ಅಲ್ಲೇ ಒಂದು ಸಾಲಿನಲ್ಲಿ ಸೇರಿಸಲಿ. ಎರಡನೆಯದು ತೆರಿಗೆ. ಫೋನಿನ ಜಿಎಸ್‌ಟಿ 2020ರ ಏಪ್ರಿಲ್‌ನಲ್ಲಿ ಶೇ. 12ರಿಂದ 18ಕ್ಕೇರಿತು; ರಿಪೇರಿಗೂ ಶೇ. 18. ಹೊಸದನ್ನು ಕೊಂಡರೂ ಹಳೆಯದನ್ನು ಉಳಿಸಿಕೊಂಡರೂ ಒಂದೇ ದರವೆಂದರೆ ಉಳಿಸಿಕೊಳ್ಳುವವನಿಗೆ ಪ್ರೋತ್ಸಾಹವೆಲ್ಲಿ? ರಿಪೇರಿಯ ದರವನ್ನು ಶೇ. 5ಕ್ಕೆ ಇಳಿಸಿದರೆ ಬೊಕ್ಕಸವೇನೂ ಬರಿದಾಗದು.

ಅಲ್ಲಿಯವರೆಗೆ, ಅಂಗಡಿಯಲ್ಲಿ ಕ್ಯಾಮೆರಾದ ಮಾತಿಗೆ ಮೊದಲು ಅಪ್‌ಡೇಟ್ ಯಾವ ಇಸವಿಯವರೆಗೆ ಎಂದು ಕೇಳಿ. ಊರಿಗೆ ಕೊಟ್ಟಿರುವ ಫೋನಿನ ಸೆಟ್ಟಿಂಗ್ಸ್ ತೆರೆದು ಕೊನೆಯ ಸುರಕ್ಷತಾ ಅಪ್‌ಡೇಟಿನ ದಿನಾಂಕ ನೋಡಿ. ವರ್ಷದ ಹಿಂದಿನದಾಗಿದ್ದರೆ ಬ್ಯಾಂಕಿನ ಆ್ಯಪನ್ನು ತೆಗೆದುಬಿಡಿ. ಅಮ್ಮನಿಗೆ ಪಾಸ್‌ಬುಕ್ ಇದ್ದೇ ಇದೆ.