ಸ್ಕಾಟ್ಲೆಂಡಲ್ಲಿ ತಾಳೆ ಮರ ನಿಂತರೆ, ನಮ್ಮ ಹೊಲದಲ್ಲಿ ಎಲ್ಲಾ ಬರುತ್ತಾ?

ಹೋದ ವಾರ ಗೆಳೆಯನೊಬ್ಬ ವಾಟ್ಸಾಪಲ್ಲಿ ಒಂದು ವಿಡಿಯೊ ಕಳಿಸಿದ. ಸ್ಕಾಟ್ಲೆಂಡಿನ ಪ್ಲಾಕ್ಟನ್ ಅನ್ನೋ ಕಡಲ ದಂಡೆಯ ಹಳ್ಳಿ. ನೀರಿನ ಪಕ್ಕ ತಾಳೆಯಂಥ ಮರಗಳ ಸಾಲು. ಜೊತೆಗೆ ಅವನ ಪ್ರಶ್ನೆ: "ಅಂಥಾ ಚಳಿಯಲ್ಲಿ ಇದು ಬರುತ್ತೆ ಅಂದ್ರೆ ನಮ್ಮಲ್ಲಿ ಸೇಬು ಯಾಕೆ ಬರಲ್ಲ ಗುರೂ?" ಎರಡು ಎಕರೆಗೆ ಸೇಬಿನ ಸಸಿ ತರೋಕೆ ಮುಂಗಡ ಕೊಡಲು ಹೊರಟಿದ್ದಾನೆ. ಅದಕ್ಕೇ ಈ ಬರಹ.

ವಿಡಿಯೊ ಸುಳ್ಳಲ್ಲ. ಆದರೆ ಅದು ಹೇಳದೇ ಬಿಟ್ಟದ್ದು ಬಹಳ ಇದೆ.

ಮೊದಲನೆಯದು, ಪ್ಲಾಕ್ಟನ್ನಿನ ಆ ಮರಗಳು ತಾಳೆಯೇ ಅಲ್ಲ. ಅದು ನ್ಯೂಜಿಲೆಂಡ್ ಮೂಲದ ಕಾರ್ಡಿಲೈನ್, ಕುಲದಲ್ಲಿ ನಮ್ಮ ಬೇಲಿಯ ಕತ್ತಾಳೆಯ ನೆಂಟ. ಬ್ರಿಟನ್ನಿನ ಚಳಿ ತಡೆಯುವ ನಿಜವಾದ ತಾಳೆಯೂ ಇದೆ, ಚೀನಾ ಮೂಲದ ಟ್ರಾಕಿಕಾರ್ಪಸ್. ಅದು ಹುಟ್ಟಿದ ನೆಲದಲ್ಲೇ ಚಳಿ ಕಂಡ ಮರ. ತೆಂಗು, ಅಡಿಕೆಯ ಬಳಗ ಹೌದು, ಸ್ವಭಾವ ಬೇರೆ.

ಎರಡನೆಯದು, ಆ ಜಾಗ. ಭೂಪಟದಲ್ಲಿ ಈ ಕರಾವಳಿ ಮಾಸ್ಕೋಗಿಂತ ಉತ್ತರಕ್ಕಿದೆ. ಆದರೂ ಅಟ್ಲಾಂಟಿಕ್‌ನ ಬೆಚ್ಚನೆ ನೀರು ಮತ್ತು ಪಡುವಣ ಗಾಳಿಯಿಂದ ಅಲ್ಲಿನ ಚಳಿಗಾಲ ಮಾಸ್ಕೋದಷ್ಟು ಕ್ರೂರವಲ್ಲ. ಅಂದರೆ ಅಕ್ಷಾಂಶ ನೋಡಿ ಹವಾಮಾನ ಹೇಳೋಕಾಗಲ್ಲ.

ಮೂರನೆಯದು, ಮನುಷ್ಯರ ದುಡಿಮೆ. ಪ್ಲಾಕ್ಟನ್ನಿಂದ ಉತ್ತರಕ್ಕೆ ಅದೇ ಕರಾವಳಿಯಲ್ಲಿ ಇನ್ವರ್ಯೂ ಅನ್ನೋ ಹೆಸರಾಂತ ತೋಟವಿದೆ. 1862ರಲ್ಲಿ ಆಸ್ಗುಡ್ ಮೆಕೆಂಜಿ ಶುರು ಮಾಡಿದಾಗ ಅದು ಬರೀ ಬಂಡೆ, ಉಪ್ಪುಗಾಳಿ. ಬುಟ್ಟಿಗಳಲ್ಲಿ ಮಣ್ಣು ಹೊರಿಸಿ ತಂದರು. ಗಾಳಿತಡೆಗೆ ಪೈನ್ ಮರ ನೆಟ್ಟು, ಅವು ಎದ್ದು ನಿಲ್ಲಲಿ ಅಂತ ವರ್ಷಗಟ್ಟಲೆ ಕಾದರು. ಸೂಕ್ಷ್ಮ ಗಿಡಗಳು ಬಂದದ್ದು ಆಮೇಲೆ. ಒಂದು ನಿಮಿಷದ ರೀಲ್‌ನಲ್ಲಿ ಆ ಕಾಯುವಿಕೆ ಕಾಣಲ್ಲ.

ಇಷ್ಟಾದರೂ ಒಂದು ಕೆಟ್ಟ ವರ್ಷ ಸಾಕು. 2010ರ ಡಿಸೆಂಬರಿನ ಹಿಮಕ್ಕೆ ಬ್ರಿಟನ್, ಐರ್ಲೆಂಡ್‌ಗಳಲ್ಲಿ ಎಷ್ಟೋ ಕಾರ್ಡಿಲೈನ್ ಮರಗಳು ಸುಟ್ಟಂತಾದವು. ಕೆಲವು ಬುಡದಿಂದ ಮತ್ತೆ ಚಿಗುರಿದವು. ಒಂಟಿ ಕಾಂಡದ ತಾಳೆಗೆ ಆ ಅವಕಾಶ ಇಲ್ಲ. ಅದಕ್ಕಿರೋದು ಒಂದೇ ಸುಳಿ. ಸುಳಿ ಕೊಳೆತ ತೆಂಗು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಅಲ್ಲಿನವರು ಕಡು ಚಳಿ ಬಂದರೆ ಎಲೆಗಳನ್ನು ಮೇಲಕ್ಕೆ ಕಟ್ಟಿ, ಸುಳಿಗೆ ಬಟ್ಟೆ ಸುತ್ತುತ್ತಾರೆ. ಗಿಡ ಸಾಯೋದು ಸರಾಸರಿ ತಾಪಮಾನದಿಂದಲ್ಲ, ಆ ಒಂದು ಕೆಟ್ಟ ರಾತ್ರಿಯಿಂದ.

ಎಲ್ಲಕ್ಕಿಂತ ದೊಡ್ಡ ಮಾತು: ಆ ಮರಗಳಿಂದ ಯಾರೂ ಫಸಲು ತೆಗೆಯಲ್ಲ. ಅವು ನೋಡೋಕೆ. ಇನ್ವರ್ಯೂಗೆ ಜನ ದುಡ್ಡು ಕೊಡೋದು ಒಳಗೆ ಹೋಗೋ ಟಿಕೆಟ್ಟಿಗೆ. ಗಿಡ ಬದುಕೋದು ಬೇರೆ, ಬೆಳೆ ಆಗೋದು ಬೇರೆ.

ಹಾಗಂತ ಹೊಸದು ಬೇಡ ಅನ್ನೋನು ನಾನಲ್ಲ. ಸೇಬಿನಲ್ಲೂ ಕಡಿಮೆ ಚಳಿಗೆ ಹೂ ಬಿಡುವ ಎಚ್‌ಆರ್‌ಎಂಎನ್-99ನಂಥ ತಳಿಗಳಿವೆ. ಆದರೆ ಹೂ ಬಿಟ್ಟ ಫೋಟೊ ನೋಡಿ ಸಾಲ ಮಾಡಬೇಡಿ. ಮುಂಗಡ ಕೊಡೋ ಮುಂಚೆ ಇಷ್ಟು ಕೇಳಿ: ಇದು ಯಾವ ತಳಿ? ನಮ್ಮೂರಿನ ಅತಿ ಕೆಟ್ಟ ಬೇಸಿಗೆ, ಅತಿ ಕೆಟ್ಟ ಮಳೆ ತಡೆಯುತ್ತಾ? ನಮ್ಮಂಥದೇ ಮಣ್ಣಿನಲ್ಲಿ ಐದು ವರ್ಷ ಬೆಳೆದು, ಮಾರಿ, ಲೆಕ್ಕ ಬರೆದಿಟ್ಟ ರೈತರು ಯಾರಿದ್ದಾರೆ? ಸಸಿ ಮಾರುವವರನ್ನು ಬಿಟ್ಟು ಬೇರೆ ಯಾರೂ ಲಾಭದ ಮಾತಾಡದಿದ್ದರೆ ಅಲ್ಲಿಗೇ ನಿಲ್ಲಿಸಿ.

ಆಸೆ ತಡೆಯೋಕಾಗದಿದ್ದರೆ ಹತ್ತು ಸಸಿ ತನ್ನಿ. ಮನೆ ಹತ್ತಿರ, ನೀರಿರೋ ಕಡೆ ನೆಡಿ. ಮೂರು ನಾಲ್ಕು ಬೇಸಿಗೆ ನೋಡಿ. ನನ್ನ ಗೆಳೆಯನಿಗೂ ಇದನ್ನೇ ಹೇಳಿದ್ದೀನಿ. ಎರಡು ಎಕರೆಯ ರಾಗಿ, ಅವರೆ ಅಷ್ಟರಲ್ಲಿ ಮನೆ ನಡೆಸುತ್ತೆ.